ಬೆಂಕಿ ನಂದಿಸುವವರ ಅಳಲು ಕೇಳುವವರಾರು?

ಸಣ್ಣ ನಗರಗಳ ಅಗ್ನಿಶಾಮಕ ದಳ: ಪ್ರಭಾರ ನಾಯಕತ್ವ, ತಾರತಮ್ಯದ ಸೇವೆ

ಪ್ರತಿವರ್ಷ ಎಪ್ರಿಲ್ 14ರಂದು ದೇಶದಾದ್ಯಂತ ಅಗ್ನಿಶಾಮಕ ಸೇವಾ ದಿನವನ್ನು ಆಚರಿಸಲಾಗುತ್ತದೆ. ಅಂದಿನಿಂದ 20ರ ವರೆಗೆ ಸಪ್ತಾಹ. ಹುತಾತ್ಮರ ಸ್ಮಾರಕಕ್ಕೆ ಹೂಹಾರ, ಪಥಸಂಚಲನ, ಶಾಲಾ ಮಕ್ಕಳ ಮುಂದೆ ಪ್ರಾತ್ಯಕ್ಷಿಕೆ, ಗಣ್ಯರ ಭಾಷಣ ಎಲ್ಲವೂ ಸಾಂಗವಾಗಿ ನಡೆಯುತ್ತವೆ. ಸಪ್ತಾಹ ಮುಗಿದ ಬಳಿಕ, ಉಳಿದ 51 ವಾರ ಈ ಸಿಬ್ಬಂದಿ ಹೇಗಿದ್ದಾರೆ, ಅವರನ್ನು ನಡೆಸುವವರು ಯಾರು, ಅವರಿಗೆ ಸಿಗಬೇಕಾದುದು ಸಿಗುತ್ತಿದೆಯೇ ಎಂದು ವಿಚಾರಿಸುವವರು ಮಾತ್ರ ವಿರಳ.

ಮುಂಬಯಿ ಮಹಾನಗರ ಪಾಲಿಕೆಯ ಅಗ್ನಿಶಾಮಕ ದಳ ದೊಡ್ಡದು, ಹಳೆಯದು, ಹೆಸರುವಾಸಿಯಾದುದು. ಆದರೆ ತುಳು-ಕನ್ನಡಿಗರಲ್ಲಿ ಬಹಳಷ್ಟು ಮಂದಿ ಇಂದು ವಾಸಿಸುವುದು ಮಹಾನಗರದ ಗಡಿಯಾಚೆ. ಡೊಂಬಿವಲಿ, ಕಲ್ಯಾಣ್, ಉಲ್ಲಾಸನಗರ, ಅಂಬರನಾಥ, ಬದ್ಲಾಪುರ, ಭಿವಂಡಿ, ಮೀರಾ-ಭಾಯಂದರ್, ವಸಾಯಿ-ವಿರಾರ್, ಪನ್ವೇಲ್ ಹೀಗೆ ಪಟ್ಟಿ ಉದ್ದವಿದೆ. ಇಲ್ಲೆಲ್ಲ ಬೆಂಕಿ ಬಿದ್ದರೆ ಓಡಿ ಬರುವುದು ಆಯಾ ಪಾಲಿಕೆ ಅಥವಾ ನಗರಪರಿಷತ್ತಿನ ದಳವೇ. ಯಾವುದೇ ಒಂದು ಊರಿನ ದಳದತ್ತ ಬೊಟ್ಟು ಮಾಡುವ ಮಾತು ಇದಲ್ಲ. ಸಣ್ಣ ದಳಗಳ ರಚನೆಯಲ್ಲೇ ಅಡಗಿರುವ ದೋಷ ಯಾವುದು, ಅದು ನಮ್ಮ ಮನೆ, ಹೊಟೇಲು, ಸಭಾಗೃಹಗಳ ಸುರಕ್ಷತೆಯನ್ನು ಹೇಗೆ ತಟ್ಟುತ್ತದೆ ಎಂಬುದನ್ನು ಸಂಘ-ಸಂಸ್ಥೆಗಳು ಅರಿತಿರುವುದು ಅಗತ್ಯ.

ಡಾಕ್ ಸ್ಫೋಟ ಕಲಿಸಿದ ಪಾಠ

ಎಪ್ರಿಲ್ 14ರ ಹಿಂದಿರುವ ಕಥೆಯೇ ನಾಯಕತ್ವದ ವೈಫಲ್ಯದ ಕಥೆ. 1944ರ ಆ ದಿನ ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ 'ಫೋರ್ಟ್ ಸ್ಟೈಕಿನ್' ಹಡಗಿನಲ್ಲಿ ಹತ್ತಿಯ ಮೂಟೆಗಳೂ ಸುಮಾರು 1,400 ಟನ್ ಸ್ಫೋಟಕಗಳೂ ಒಟ್ಟಿಗಿದ್ದವು. ಮಧ್ಯಾಹ್ನ ಹೊಗೆ ಕಾಣಿಸಿತು. ಅಗ್ನಿಶಾಮಕ ದಳದವರು ಬಂದು ನೀರು ಹಾಯಿಸತೊಡಗಿದರು. ಹಡಗನ್ನು ಅಲ್ಲಿಯೇ ಮುಳುಗಿಸಬೇಕೇ, ಬಂದರಿನಿಂದ ಹೊರಗೆ ಎಳೆದೊಯ್ಯಬೇಕೇ, ಜನರನ್ನು ಖಾಲಿ ಮಾಡಿಸಬೇಕೇ ಎಂಬ ಬಗ್ಗೆ ಹಡಗಿನವರು, ಬಂದರಿನವರು, ಸೇನೆಯವರು ತಲೆಗೊಂದು ಮಾತಾಡಿದರು. ಇಡೀ ಪರಿಸ್ಥಿತಿಯ ಹೊಣೆ ಹೊತ್ತು ತೀರ್ಮಾನ ಕೈಗೊಳ್ಳುವ ಒಬ್ಬರೂ ಇರಲಿಲ್ಲ. ಸಂಜೆ 4 ಗಂಟೆ ದಾಟುತ್ತಿದ್ದಂತೆ ಮೊದಲ ಸ್ಫೋಟ, ಅರ್ಧ ಗಂಟೆಯೊಳಗೆ ಎರಡನೆಯದು. ನೂರಾರು ಮಂದಿ ಮಡಿದರು. ಅವರಲ್ಲಿ 66 ಮಂದಿ ಅಗ್ನಿಶಾಮಕ ದಳದವರು.

ತೀರ್ಮಾನ ಕೈಗೊಳ್ಳಬೇಕಾದವರು ಚರ್ಚಿಸುತ್ತಿದ್ದಾಗ ನಳಿಗೆ ಹಿಡಿದವರು ಹಡಗಿನ ಮೇಲೆಯೇ ನಿಂತಿದ್ದರು. ಹಿಂದಕ್ಕೆ ಬನ್ನಿ ಎಂದು ಅವರಿಗೆ ಯಾರೂ ಹೇಳಲಿಲ್ಲ. ಎಂಟು ದಶಕಗಳು ಕಳೆದರೂ ನಾವು ಅವರಿಗೆ ಹೂಹಾರ ಹಾಕುತ್ತಿದ್ದೇವೆ. ಹೊಣೆ ಹೊರುವ ನಾಯಕನಿರಬೇಕೆಂಬ ಪಾಠವನ್ನು ಮಾತ್ರ ಎಲ್ಲ ಕಡೆ ಕಲಿತಿಲ್ಲ ಎನ್ನುವುದು ಖೇದಕರ.

ಪಾಲಿಕೆಗೊಂದು ದಳ, ದಳಕ್ಕೊಂದು ನಿಯಮ

ನಮ್ಮ ತಾಯ್ನಾಡು ಕರ್ನಾಟಕದಲ್ಲಿ ಅಗ್ನಿಶಾಮಕ ಸೇವೆ ರಾಜ್ಯ ಸರಕಾರದ ಇಲಾಖೆ. 1964ರ ಕಾಯ್ದೆಯಡಿ ನಡೆಯುವ ಈ ಇಲಾಖೆ ಗೃಹ ಖಾತೆಗೆ ಸೇರಿದ್ದು, ಹಿರಿಯ ಐಪಿಎಸ್ ಅಧಿಕಾರಿ ಅದರ ಮುಖ್ಯಸ್ಥರು. ಮಂಗಳೂರಿನ ಸಿಬ್ಬಂದಿಗೂ ಕಲಬುರಗಿಯ ಸಿಬ್ಬಂದಿಗೂ ಸೇವಾ ನಿಯಮ ಒಂದೇ, ಭಡ್ತಿಯ ಮೆಟ್ಟಿಲು ಒಂದೇ. ಅಲ್ಲಿ ಕೊರತೆಗಳಿಲ್ಲವೆಂದಲ್ಲ. ಆದರೆ ದೂರು ಕೊಡಲು ಮೇಲೊಂದು ಬಾಗಿಲಿದೆ.

ಮಹಾರಾಷ್ಟ್ರದಲ್ಲಿ ವ್ಯವಸ್ಥೆ ಬೇರೆ. ಇಲ್ಲಿ ಅಗ್ನಿಶಾಮಕ ಸೇವೆ ಮುಖ್ಯವಾಗಿ ಸ್ಥಳೀಯ ಸಂಸ್ಥೆಗಳ ಜವಾಬ್ದಾರಿ. 1992ರ 74ನೇ ಸಂವಿಧಾನ ತಿದ್ದುಪಡಿಯ ಮೂಲಕ ಸೇರಿಸಲಾದ 12ನೇ ಅನುಸೂಚಿಯೂ ಈ ಸೇವೆಯನ್ನು ನಗರಾಡಳಿತದ ವಿಷಯಗಳಲ್ಲಿ ಹೆಸರಿಸಿದೆ. ರಾಜ್ಯಮಟ್ಟದಲ್ಲಿ ನಿರ್ದೇಶನಾಲಯವಿದ್ದರೂ ದಳದ ನೇಮಕಾತಿ, ಸಂಬಳ, ಸಲಕರಣೆ, ಶಿಸ್ತುಕ್ರಮ ಎಲ್ಲವೂ ಆಯಾ ಪಾಲಿಕೆಯ ಕೈಯಲ್ಲಿ. ಪಾಲಿಕೆ ಶ್ರೀಮಂತವಾಗಿದ್ದರೆ ದಳವೂ ಸುಸ್ಥಿತಿಯಲ್ಲಿ. ಪಾಲಿಕೆಯ ತಿಜೋರಿ ಬರಿದಾದರೆ ಮೊದಲು ಕತ್ತರಿ ಬೀಳುವುದು ದಳಕ್ಕೆ. ರಸ್ತೆ ಹೊಂಡ ದಿನವೂ ಕಣ್ಣಿಗೆ ಬೀಳುತ್ತದೆ, ಬೆಂಕಿ ದಿನವೂ ಬೀಳುವುದಿಲ್ಲ.

ಕೇಂದ್ರದ ಸ್ಥಾಯಿ ಅಗ್ನಿಶಾಮಕ ಸಲಹಾ ಸಮಿತಿಯ ಶಿಫಾರಸಿನಂತೆ 3 ಲಕ್ಷ ಜನಸಂಖ್ಯೆಯ ವರೆಗೆ ಪ್ರತಿ 50 ಸಾವಿರ ಜನರಿಗೆ ಒಂದು ಪಂಪ್ ವಾಹನ ಬೇಕು. ಅಂದರೆ 3 ಲಕ್ಷ ಜನರ ಊರಿಗೆ 6 ವಾಹನ. ಪ್ರತಿ ವಾಹನಕ್ಕೆ ಚಾಲಕ, ಮುಂದಾಳು, ಫಾಯರ್‌ಮನ್‌ಗಳು ಪ್ರತಿ ಪಾಳಿಗೂ ಬೇಕು. ಆದರೆ ಇದು ಶಿಫಾರಸು ಮಾತ್ರ. ಪಾಲಿಸದಿದ್ದರೆ ಕೇಳುವವರಿಲ್ಲ.

ಸಣ್ಣ ದಳಗಳಲ್ಲಿ ಕಾಣುವ ಇನ್ನೊಂದು ಪಿಡುಗು 'ಪ್ರಭಾರ'. ಮುಖ್ಯ ಅಧಿಕಾರಿ ನಿವೃತ್ತರಾದರೆ ಆ ಹುದ್ದೆಯನ್ನು ವಿಧಿವತ್ತಾಗಿ ತುಂಬದೆ ಕೆಳಗಿನ ಒಬ್ಬರ ಹೆಗಲಿಗೆ ಹೆಚ್ಚುವರಿ ಹೊಣೆ ಹಾಕುವುದು. ನಾಗ್ಪುರದಲ್ಲಿ 1957ರಿಂದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜಿದೆ. ಅಧಿಕಾರಿಗಳಿಗೆ ಹಂತಹಂತದ ತರಬೇತಿ ಅಲ್ಲಿ ಸಿಗುತ್ತದೆ. ಆದರೆ ಖಾಯಂ ಹುದ್ದೆಯೇ ತೆರೆಯದಿದ್ದರೆ ಕಲಿತು ಬಂದವರಿಗೂ ಕುರ್ಚಿಯಿಲ್ಲ. ಪ್ರಭಾರದಲ್ಲಿ ಕುಳಿತವರು ಬೆಳಗ್ಗೆದ್ದು ನೋಡುವುದು ಬೆಂಕಿಯನ್ನಲ್ಲ, ಆಯುಕ್ತರ ಮುಖವನ್ನು. ಇಂದಿನ ಆದೇಶ ನಾಳೆ ರದ್ದಾಗಬಹುದು ಎಂಬ ಭಯವಿರುವವರು ಪ್ರಭಾವಿ ಬಿಲ್ಡರ್‌ನ ಕಟ್ಟಡಕ್ಕೆ ನಿರಾಕ್ಷೇಪಣಾ ಪತ್ರ ನಿರಾಕರಿಸುವ ಧೈರ್ಯ ತೋರುವುದು ಕಷ್ಟ. ಹೊಸ ಉಸಿರಾಟದ ಉಪಕರಣ ಬೇಕೆಂದು ಪಟ್ಟು ಹಿಡಿಯುವುದೂ ಕಷ್ಟ.

ಒಂದೇ ಬೆಂಕಿ, ಎರಡು ಸಂಬಳ

ನಾಯಕತ್ವ ಸಡಿಲವಾದಾಗ ತಾರತಮ್ಯ ತಾನಾಗಿಯೇ ಬೆಳೆಯುತ್ತದೆ. ಪಾಲಿಕೆಗಳು ಖರ್ಚು ಉಳಿಸಲು ಗುತ್ತಿಗೆದಾರರ ಮೂಲಕ ಫಾಯರ್‌ಮನ್‌ಗಳನ್ನು ಪಡೆಯುವ ಪದ್ಧತಿ ಹಬ್ಬಿದೆ. ಒಂದೇ ವಾಹನದಲ್ಲಿ ಹೊರಡುವ ಇಬ್ಬರಲ್ಲಿ ಒಬ್ಬ ಖಾಯಂ, ಇನ್ನೊಬ್ಬ ಗುತ್ತಿಗೆ. ಇಬ್ಬರೂ ಒಂದೇ ಹೊಗೆಯೊಳಗೆ ನುಗ್ಗುತ್ತಾರೆ. ತಿಂಗಳ ಕೊನೆಗೆ ಕೈಗೆ ಬರುವ ಸಂಬಳದಲ್ಲಿ ಅಜಗಜಾಂತರ. ಗಾಯವಾದರೆ ರಜೆ, ಪ್ರಾಣ ಹೋದರೆ ಕುಟುಂಬಕ್ಕೆ ಅನುಕಂಪದ ನೌಕರಿ ಎಂಬ ಮಾತು ಖಾಯಂ ನೌಕರನಿಗೆ ಮಾತ್ರ. ಗುತ್ತಿಗೆಯವನ ಮನೆಯವರು ಪಾಲಿಕೆಗೂ ಗುತ್ತಿಗೆದಾರನಿಗೂ ನಡುವೆ ಅಲೆಯಬೇಕು.

ಸಮಾನ ಕೆಲಸಕ್ಕೆ ಸಮಾನ ವೇತನದ ತತ್ವ ತಾತ್ಕಾಲಿಕ ನೌಕರರಿಗೂ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2016ರ ಅಕ್ಟೋಬರ್ 26ರಂದು ಪಂಜಾಬ್ ಸರಕಾರ ಮತ್ತು ಜಗಜೀತ್ ಸಿಂಗ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಆದರೆ ನಡುವೆ ಗುತ್ತಿಗೆದಾರನಿದ್ದಾಗ 'ಇವರು ನಮ್ಮ ನೌಕರರೇ ಅಲ್ಲ' ಎಂದು ಪಾಲಿಕೆ ಕೈ ತೊಳೆದುಕೊಳ್ಳುವುದು ಸುಲಭ.

ತಾರತಮ್ಯ ಸಂಬಳಕ್ಕೆ ಮಾತ್ರ ಸೀಮಿತವಲ್ಲ. ಸಣ್ಣ ದಳದಲ್ಲಿ ಎಲ್ಲರೂ ಎಲ್ಲರಿಗೂ ಪರಿಚಿತರು. ಮೇಲಧಿಕಾರಿಯ ಒಲವಿದ್ದವನಿಗೆ ಕಚೇರಿಯ ಕೆಲಸ, ಪ್ರಶ್ನೆ ಕೇಳಿದವನಿಗೆ ದೂರದ ಠಾಣೆ ಮತ್ತು ರಾತ್ರಿ ಪಾಳಿ. ಹಬ್ಬದ ರಜೆಯಲ್ಲೂ, ತರಬೇತಿಗೆ ಕಳುಹಿಸುವಲ್ಲೂ, ಹೊಸ ಗಂಬೂಟು-ಹೆಲ್ಮೆಟ್ ಹಂಚುವಲ್ಲೂ ಇದೇ ಪಕ್ಷಪಾತ ನುಸುಳಬಹುದು. ದೊಡ್ಡ ಇಲಾಖೆಯಲ್ಲಾದರೆ ಬೇರೆ ವಿಭಾಗಕ್ಕೆ ವರ್ಗ ಕೇಳಬಹುದು. ಒಂದೆರಡು ಠಾಣೆಗಳ ದಳದಲ್ಲಿ ಹೋಗುವುದೆಲ್ಲಿಗೆ?

ಇದು ನಮ್ಮ ದೇಶದ ಸಮಸ್ಯೆ ಮಾತ್ರವಲ್ಲ. ಲಂಡನ್ ಅಗ್ನಿಶಾಮಕ ದಳದಲ್ಲಿ 2020ರಲ್ಲಿ ತರಬೇತಿಯಲ್ಲಿದ್ದ ಯುವಕನೊಬ್ಬ ಪ್ರಾಣ ಕಳೆದುಕೊಂಡ ಬಳಿಕ ದಳದ ಮುಖ್ಯಸ್ಥರೇ ಹೊರಗಿನವರಿಂದ ವಿಚಾರಣೆ ಮಾಡಿಸಿದರು. ಮಾಜಿ ಸರಕಾರಿ ವಕೀಲ ನಜೀರ್ ಅಫ್ಜಲ್ ಅವರ ನೇತೃತ್ವದ ವರದಿ 2022ರ ನವಂಬರ್‌ನಲ್ಲಿ ಹೊರಬಂತು. ಮಹಿಳೆಯರು ಮತ್ತು ಬಿಳಿಯರಲ್ಲದ ಸಿಬ್ಬಂದಿಯನ್ನು ಹೀಯಾಳಿಸುವ ನಡವಳಿಕೆ ದಳದೊಳಗೆ ಬೇರೂರಿದೆ ಎಂದು ಅದು ಕಟುವಾಗಿ ಹೇಳಿತು. ಮುಖ್ಯಸ್ಥರು ವರದಿಯನ್ನು ಮುಚ್ಚಿಡದೆ ಒಪ್ಪಿಕೊಂಡರು. ಮನೆಯ ಕಸವನ್ನು ಹೊರಗಿನವರ ಮುಂದೆ ತೆರೆದಿಡುವುದಕ್ಕೂ ಎದೆಗಾರಿಕೆ ಬೇಕು. ನಮ್ಮ ಸಣ್ಣ ದಳಗಳಿಗೆ ಅಂಥ ಹೊರಗಿನ ಕಣ್ಣೇ ಇಲ್ಲ.

ತಪ್ಪು ಮೇಲೆ, ಶಿಕ್ಷೆ ಕೆಳಗೆ

ದುರಂತ ನಡೆದಾಗ ಈ ಅನ್ಯಾಯ ಇನ್ನಷ್ಟು ಎದ್ದು ಕಾಣುತ್ತದೆ. 2019ರ ಮೇ 24ರಂದು ಸೂರತ್‌ನ ವಾಣಿಜ್ಯ ಸಂಕೀರ್ಣವೊಂದರ ಟ್ಯೂಶನ್ ತರಗತಿಯಲ್ಲಿ 22 ವಿದ್ಯಾರ್ಥಿಗಳು ಮೃತಪಟ್ಟರು. ಮೇಲಿನಿಂದ ಹಾರುವ ಮಕ್ಕಳ ದೃಶ್ಯವನ್ನು ದೇಶವೇ ಕಂಡಿತು. ಕೂಡಲೇ ಇಬ್ಬರು ಅಗ್ನಿಶಾಮಕ ಅಧಿಕಾರಿಗಳು ಅಮಾನತುಗೊಂಡರು. 2024ರ ಮೇ 25ರಂದು ರಾಜಕೋಟ್‌ನ ಆಟದ ಕೇಂದ್ರದಲ್ಲಿ 27 ಮಂದಿ ಬೆಂದುಹೋದರು. ಅಗ್ನಿಶಾಮಕ ನಿರಾಕ್ಷೇಪಣಾ ಪತ್ರವೇ ಇಲ್ಲದೆ ಅದು ನಡೆಯುತ್ತಿತ್ತು. ಮೊದಲ ಸುತ್ತಿನಲ್ಲಿ ಅಮಾನತಾದವರಲ್ಲಿ ಠಾಣಾಧಿಕಾರಿಯೊಬ್ಬರೂ ಇದ್ದರು. ಗುಜರಾತ್ ಹೈಕೋರ್ಟ್ ಸ್ವಯಂಪ್ರೇರಿತವಾಗಿ ವಿಚಾರಣೆ ಕೈಗೆತ್ತಿಕೊಂಡು ಇದು ಮನುಷ್ಯನಿರ್ಮಿತ ದುರಂತ ಎಂದಿತಲ್ಲದೆ ಪಾಲಿಕೆಯ ಉನ್ನತ ಅಧಿಕಾರಿಗಳ ಹೊಣೆಯನ್ನೂ ಪ್ರಶ್ನಿಸಿತು.

ತಪ್ಪು ಮಾಡಿದ ಅಧಿಕಾರಿಗೆ ಶಿಕ್ಷೆಯಾಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಏಣಿ ಖರೀದಿಗೆ ಹಣ ಕೊಡದವರು, ಹುದ್ದೆ ತುಂಬದವರು, ಅಕ್ರಮ ಕಟ್ಟಡಕ್ಕೆ ಕಣ್ಣು ಮುಚ್ಚಿದವರು ಯಾರು ಎಂದು ಕೇಳದೆ ಠಾಣೆಯ ಮಟ್ಟದಲ್ಲೇ ಕಡತ ಮುಚ್ಚಿದರೆ ಮುಂದಿನ ದುರಂತಕ್ಕೆ ದಾರಿ ತೆರೆದಿಟ್ಟಂತೆಯೇ.

ಮುಂದೆ ನಿಂತ ಮುಂದಾಳುಗಳು

ಒಳ್ಳೆಯ ನಾಯಕತ್ವ ನಮ್ಮಲ್ಲಿಲ್ಲವೆಂದಲ್ಲ. 2015ರ ಮೇ 9ರಂದು ಕಾಲ್ಬಾದೇವಿಯ ಗೋಕುಲ್ ನಿವಾಸ್ ಕಟ್ಟಡಕ್ಕೆ ಬೆಂಕಿ ಬಿದ್ದಾಗ ಮುಂಬಯಿ ದಳದ ಮುಖ್ಯ ಅಧಿಕಾರಿ ಸುನಿಲ್ ನೇಸರಿಕರ್, ಉಪ ಮುಖ್ಯ ಅಧಿಕಾರಿ ಸುಧೀರ್ ಅಮೀನ್, ಅಧಿಕಾರಿಗಳಾದ ಸಂಜಯ್ ರಾಣೆ ಮತ್ತು ಮಹೇಂದ್ರ ದೇಸಾಯಿ ಸ್ವತಃ ಸ್ಥಳದಲ್ಲಿದ್ದರು. ಹಳೆಯ ಕಟ್ಟಡ ಕುಸಿಯಿತು. ರಾಣೆ ಮತ್ತು ದೇಸಾಯಿ ಅಲ್ಲಿಯೇ ಅಸುನೀಗಿದರು. ತೀವ್ರ ಸುಟ್ಟಗಾಯಗೊಂಡ ಅಮೀನ್ ಮತ್ತು ನೇಸರಿಕರ್ ಅದೇ ತಿಂಗಳಲ್ಲಿ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ದಳದ ಅತ್ಯುನ್ನತ ಅಧಿಕಾರಿಯೇ ಕರ್ತವ್ಯದಲ್ಲಿ ಪ್ರಾಣ ತೆತ್ತ ಘಟನೆ ಅದು. ಸಿಬ್ಬಂದಿಯನ್ನು ಒಳಗೆ ಕಳುಹಿಸಿ ತಾವು ಹೊರಗೆ ನಿಲ್ಲುವ ಮೇಲಧಿಕಾರಿಗೂ ಇವರಿಗೂ ಎಷ್ಟು ಅಂತರ! ಇಂತಹ ಬಲಿದಾನ ಮರುಕಳಿಸದಂತೆ ಜೀರ್ಣ ಕಟ್ಟಡಗಳ ಬೆಂಕಿಯಲ್ಲಿ ಯಾವಾಗ ಹಿಂದಕ್ಕೆ ಬರಬೇಕೆಂಬ ನಿಯಮವನ್ನು ಗಟ್ಟಿಗೊಳಿಸುವುದೇ ಅವರಿಗೆ ಸಲ್ಲಿಸುವ ನಿಜವಾದ ಶ್ರದ್ಧಾಂಜಲಿ.

ಸಂಘ-ಸಂಸ್ಥೆಗಳ ಪಾತ್ರ

ಹಣವಿಲ್ಲ ಎಂಬ ನೆಪ ಈಗ ಪೂರ್ತಿ ಸಲ್ಲದು. 15ನೇ ಹಣಕಾಸು ಆಯೋಗದ ಶಿಫಾರಸಿನಂತೆ ರಾಜ್ಯಗಳ ಅಗ್ನಿಶಾಮಕ ಸೇವೆಯ ವಿಸ್ತರಣೆ ಮತ್ತು ಆಧುನೀಕರಣಕ್ಕಾಗಿ ಕೇಂದ್ರ ಸರಕಾರ 2023ರಲ್ಲಿ 5,000 ಕೋಟಿ ರೂಪಾಯಿಯ ಯೋಜನೆ ಪ್ರಕಟಿಸಿತು. ವಾಹನ, ಸಲಕರಣೆ ಬರಬಹುದು. ಆದರೆ ಅದನ್ನು ನಡೆಸುವವರಿಗೆ ಖಾಯಂ ಹುದ್ದೆ, ನ್ಯಾಯವಾದ ಭಡ್ತಿ, ನಿರ್ಭೀತ ಮುಖ್ಯಸ್ಥ ಇಲ್ಲದಿದ್ದರೆ ಹೊಸ ವಾಹನವೂ ಶೆಡ್ಡಿನಲ್ಲೇ ತುಕ್ಕು ಹಿಡಿದೀತು.

ಇದರಲ್ಲಿ ನಮಗೇನು ಎನ್ನುವವರು ಯೋಚಿಸಬೇಕು. ನಮ್ಮವರಲ್ಲಿ ಹೊಟೇಲು ಉದ್ಯಮ ನಂಬಿದವರು ಸಾವಿರಾರು ಮಂದಿ. ಅಡುಗೆಮನೆಯ ಗ್ಯಾಸ್, ಮಾಳಿಗೆಯಲ್ಲಿ ಮಲಗುವ ಕೆಲಸದ ಹುಡುಗರು, ಇಕ್ಕಟ್ಟಾದ ಮೆಟ್ಟಿಲು ಎಲ್ಲವೂ ಅಪಾಯದ ಎಡೆಗಳೇ. 2017ರ ಡಿಸೆಂಬರ್ 29ರ ಕಮಲಾ ಮಿಲ್ಸ್ ದುರಂತದಲ್ಲಿ 14 ಜೀವಗಳು ಹೋದುದನ್ನು ಹೊಟೇಲಿಗರು ಮರೆತಿಲ್ಲ. ಮಹಾರಾಷ್ಟ್ರದ 2006ರ ಅಗ್ನಿ ತಡೆ ಕಾಯ್ದೆಯಂತೆ ಕಟ್ಟಡದ ಅಗ್ನಿಶಾಮಕ ವ್ಯವಸ್ಥೆ ಸುಸ್ಥಿತಿಯಲ್ಲಿದೆ ಎಂಬ 'ಬಿ' ನಮೂನೆಯ ಪ್ರಮಾಣಪತ್ರವನ್ನು ಮಾಲಕರು ವರ್ಷಕ್ಕೆ ಎರಡು ಬಾರಿ, ಜನವರಿ ಮತ್ತು ಜುಲೈಯಲ್ಲಿ, ಸಲ್ಲಿಸಬೇಕು. ಪರವಾನಿಗೆ ಪಡೆದ ಸಂಸ್ಥೆ ಅದನ್ನು ಬರೆದುಕೊಡುತ್ತದೆ. ಅದನ್ನು ಪರಿಶೀಲಿಸಲು ದಳದಲ್ಲಿ ಜನವಿಲ್ಲದಿದ್ದರೆ, ಇದ್ದವರಿಗೂ ಬೆಂಬಲವಿಲ್ಲದಿದ್ದರೆ, ಪ್ರಮಾಣಪತ್ರ ಕೇವಲ ಕಾಗದ. ದಳದೊಳಗಿನ ಅನ್ಯಾಯ ಕೊನೆಗೆ ಬಂದು ತಟ್ಟುವುದು ನಮ್ಮ ಬಾಗಿಲನ್ನೇ.

ಆದುದರಿಂದ ಸಂಘ-ಸಂಸ್ಥೆಗಳ ಪದಾಧಿಕಾರಿಗಳು ಮೊದಲು ತಮ್ಮ ಸಭಾಗೃಹದ ಪ್ರಮಾಣಪತ್ರ, ಬೆಂಕಿ ನಂದಿಸುವ ಸಿಲಿಂಡರ್, ಹೊರಹೋಗುವ ದಾರಿ ಸರಿಯಾಗಿವೆಯೇ ಎಂದು ನೋಡಿಕೊಳ್ಳಬೇಕು. ಬಳಿಕ ತಮ್ಮ ಊರಿನ ಪಾಲಿಕೆಯಲ್ಲಿ ಅಗ್ನಿಶಾಮಕ ದಳದ ಮಂಜೂರಾದ ಹುದ್ದೆಗಳೆಷ್ಟು, ತುಂಬಿದವೆಷ್ಟು, ಗುತ್ತಿಗೆಯವರೆಷ್ಟು, ಮುಖ್ಯ ಅಧಿಕಾರಿ ಖಾಯಮೋ ಪ್ರಭಾರವೋ ಎಂದು ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು. ಪಾಲಿಕೆ ಚುನಾವಣೆ ಬಂದಾಗ ನೀರು, ರಸ್ತೆಯ ಜತೆಗೆ ಈ ಪ್ರಶ್ನೆಯನ್ನೂ ಅಭ್ಯರ್ಥಿಗಳ ಮುಂದಿಡಬಹುದು. ವಾರ್ಷಿಕೋತ್ಸವದಲ್ಲಿ ಸ್ಥಳೀಯ ಠಾಣೆಯ ಸಿಬ್ಬಂದಿಯನ್ನು ಕರೆದು ಶಾಲು ಹೊದೆಸುವಾಗ ಗುತ್ತಿಗೆಯವರನ್ನೂ ಖಾಯಂ ನೌಕರರ ಪಕ್ಕದಲ್ಲೇ ಕುಳ್ಳಿರಿಸಿ ಗೌರವಿಸಬಹುದು. ಶಾಲು ಹೊದೆಸಿದ ಮರುದಿನ ಅವರ ಬೇಡಿಕೆಯ ಮನವಿಯೊಂದನ್ನು ಸಂಘದ ಲೆಟರ್‌ಹೆಡ್ಡಿನಲ್ಲಿ ಆಯುಕ್ತರಿಗೆ ತಲುಪಿಸಿದರೆ ಆ ಸನ್ಮಾನ ಸಾರ್ಥಕವಾದೀತು.