ಮರವನ್ನು ಮರವೇ ಹಿಡಿಯಲಿ

ಅಂಟು ಹಚ್ಚಿ ಜೋಡಿಸಿದ ಎರಡು ಹಲಗೆಗಳನ್ನು ಅಂಟು ಒಣಗುವ ತನಕ ಅಲುಗದಂತೆ ಹಿಡಿದಿಡುವುದು ಹೇಗೆ? ನಮ್ಮ ಬಡಗಿಗಳಿಗೆ ಬಹುಕಾಲ ಬೆಣೆ ಮತ್ತು ಹಗ್ಗ ಸಾಕಾಗಿದ್ದವು. ಸಾಗುವಾನಿ ಬಾಗಿಲಿನ ಕೂಡುಗಳನ್ನು ಬಿಗಿಯಾಗಿ ಕೂರಿಸಿ ಮರದ ಗೂಟ ಹೊಡೆದರೆ ಬೇರೆ ಹಿಡಿತವೇ ಬೇಕಿರಲಿಲ್ಲ. ಪ್ಲೈವುಡ್ ಬಂದ ಮೇಲೆ ಫೆವಿಕಾಲ್ ಹಚ್ಚಿ ಮೊಳೆ ಹೊಡೆಯುವುದು, ಸನ್ಮೈಕ ಅಂಟಿಸಿ ಮೇಲೆ ಭಾರ ಹೇರುವುದು ರೂಢಿಯಾಯಿತು. ಹೆಚ್ಚೆಂದರೆ ಕಬ್ಬಿಣದ ಜಿ ಕ್ಲ್ಯಾಂಪ್. ಅಮೆರಿಕದ ಮರಗೆಲಸದ ಕೊಠಡಿಗಳಲ್ಲಿ ಸಾಲಾಗಿ ನೇತಾಡುವ ಹ್ಯಾಂಡ್‌ಸ್ಕ್ರೂ ಎಂಬ ಮರದ ಕ್ಲ್ಯಾಂಪ್ ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಅಪರೂಪವಾಗಿರುವುದಕ್ಕೆ ಇದೇ ಕಾರಣ. ಆದರೆ ಪ್ಲೈವುಡ್ ಬಿಟ್ಟು ಗಟ್ಟಿ ಮರದಲ್ಲಿ ಪೆಟ್ಟಿಗೆ, ಕುರ್ಚಿ, ಮೇಜು ಮಾಡಲು ಕೂತವರಿಗೆ ಇದರಷ್ಟು ಒದಗುವ ಸಾಧನ ಇನ್ನೊಂದಿಲ್ಲ ಎಂಬುದು ನನ್ನ ನಂಬಿಕೆ.

ಜಿ ಕ್ಲ್ಯಾಂಪಿನ ಪುಟ್ಟ ಕಬ್ಬಿಣದ ಪಾದ, ಕೀಸುಳಿ ಹಾಕಿ ನುಣುಪು ಮಾಡಿದ ಹೊನ್ನೆಯ ಮೇಲೆ ದುಂಡನೆಯ ಗುಳಿ ಬೀಳಿಸುತ್ತದೆ. ಬಿಗಿ ಮಾಡುವಾಗ ಸ್ಕ್ರೂ ತಿರುಗಿದ ಕಡೆಗೇ ಅಂಟಿನ ಮೇಲಿನ ತುಂಡೂ ಜಾರುತ್ತದೆ. ಹ್ಯಾಂಡ್‌ಸ್ಕ್ರೂನಲ್ಲಿ ಇರುವುದು ಎರಡು ಮರದ ದವಡೆ, ಅವನ್ನು ಅಡ್ಡಹಾಯುವ ಎರಡು ಸ್ಕ್ರೂ. ತಿರುಗುವ ಸ್ಕ್ರೂ ಕೆಲಸದ ಮರವನ್ನು ಮುಟ್ಟುವುದೇ ಇಲ್ಲ. ಮುಟ್ಟುವುದು ಅಗಲವಾದ ಚಪ್ಪಟೆ ಮರ. ಒಂದು ಹಿಡಿ ಎಡಗೈಗೆ, ಇನ್ನೊಂದು ಬಲಗೈಗೆ ತೆಗೆದುಕೊಂಡು ಸೈಕಲ್ ಪೆಡಲ್ ತುಳಿದಂತೆ ಇಡೀ ಸಾಧನವನ್ನು ತಿರುಗಿಸಿದರೆ ದವಡೆಗಳು ಸಮಾನಾಂತರವಾಗಿಯೇ ತೆರೆಯುತ್ತವೆ, ಮುಚ್ಚುತ್ತವೆ.

ಬಲ ಹುಟ್ಟುವ ಬಗೆ ಇನ್ನೂ ಸೊಗಸು. ನಡುವಿನ ಸ್ಕ್ರೂ ದವಡೆಗಳನ್ನು ಒಳಕ್ಕೆ ಎಳೆದು ಹಿಡಿದಿರುತ್ತದೆ. ಹಿಂದಿನ ಸ್ಕ್ರೂವನ್ನು ಹೊರಕ್ಕೆ ತಿರುಗಿಸಿದಾಗ ಹಿಂತುದಿಗಳು ದೂರ ಸರಿಯುತ್ತವೆ, ನಡುವಿನ ಸ್ಕ್ರೂವೇ ಸನ್ನೆಯ ಆಧಾರವಾಗಿ ಮುಂತುದಿಗಳು ಕಚ್ಚುತ್ತವೆ. ಮೊದಲು ನಡುವಿನದನ್ನು ಅಳತೆಗೆ ತಂದು, ಕೊನೆಯ ಬಿಗಿಯನ್ನು ಹಿಂದಿನದರಿಂದ ಕೊಡಬೇಕು. ಬಿಗಿಯಾದ ಮೇಲೆ ದವಡೆ ಪೂರ್ತಿ ಮರಕ್ಕೆ ಒರಗಿರಬೇಕು. ತುದಿ ಮಾತ್ರ ತಾಕಿದರೆ ಅಲ್ಲಷ್ಟೇ ಒತ್ತಡ, ಬುಡ ಮಾತ್ರ ತಾಕಿದರೆ ಹಿಡಿತ ಜಾರುತ್ತದೆ.

ಹಳೆಯ ಹ್ಯಾಂಡ್‌ಸ್ಕ್ರೂಗಳಲ್ಲಿ ಸ್ಕ್ರೂ ಕೂಡ ಮರದ್ದೇ. ಮರದೊಳಗೆ ಥ್ರೆಡ್ ಕೊರೆಯುವ ಸಾಧನವನ್ನು ಅಲೆಕ್ಸಾಂಡ್ರಿಯಾದ ಹೀರೋ ಕ್ರಿ.ಶ. 1ನೇ ಶತಮಾನದಲ್ಲೇ ವರ್ಣಿಸಿದ್ದಾನೆ. ನಮ್ಮ ದೇಶದ ಬಡಗಿಗಳೂ ಹತ್ತಿಯಿಂದ ಬೀಜ ಬೇರ್ಪಡಿಸುವ ಕೈರಾಟೆಯ ಉರುಳೆಗಳ ತುದಿಗೆ ಮರದಲ್ಲೇ ಸುರುಳಿ ಹಲ್ಲು ಕೆತ್ತುತ್ತಿದ್ದರು. ಇಂದಿಗೂ 1 ಇಂಚಿನ ಮರದ ಕೋಲಿಗೆ ಇಂಚಿಗೆ 6 ಸುತ್ತಿನಂತೆ ಥ್ರೆಡ್ ಹಾಕುವ ಕೈಸಾಧನ, ಅದಕ್ಕೆ ಹೊಂದುವ ಟ್ಯಾಪ್ ಹೊರದೇಶಗಳಲ್ಲಿ ಮಾರಾಟಕ್ಕಿವೆ. ಕೋಲನ್ನು ಅಗಸೆ ಎಣ್ಣೆಯಲ್ಲಿ ನೆನೆಸಿ ಕೊರೆದರೆ ಸುತ್ತುಗಳ ಅಂಚು ಉದುರುವುದು ಕಡಿಮೆ. ಸಾಗುವಾನಿಯಂಥ ಒರಟು ಎಳೆಯ ಮರ ಇದಕ್ಕೆ ಒಗ್ಗದು. ಎಳೆ ನಯವಾಗಿ, ಒತ್ತಾಗಿ ಇರಬೇಕು. ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಹಾಲೆ ಮರದಲ್ಲಿ ಇದನ್ನು ಮಾಡಿ ನೋಡುವ ಆಸೆ ನನಗಿದೆ.

ಈಗಿನ ರೂಪ ಬಳಕೆಗೆ ಬಂದದ್ದು ಉಕ್ಕಿನ ಸ್ಕ್ರೂಗಳಿಂದ. ಷಿಕಾಗೋದಲ್ಲಿ 1903ರಲ್ಲಿ ಶುರುವಾದ ಅಡ್ಜಸ್ಟಬಲ್ ಕ್ಲ್ಯಾಂಪ್ ಕಂಪನಿ ‘ಜಾರ್ಗೆನ್ಸನ್’ ಹೆಸರಿನಲ್ಲಿ ಮೇಪಲ್ ಮರದ ದವಡೆಯ ಹ್ಯಾಂಡ್‌ಸ್ಕ್ರೂಗಳನ್ನು ತಲೆಮಾರುಗಳ ಕಾಲ ಮಾಡಿತು. 2016ರಲ್ಲಿ ಆ ಕಾರ್ಖಾನೆ ಬಾಗಿಲು ಹಾಕಿದರೂ ಹೆಸರು ಬೇರೆಯವರ ಕೈಯಲ್ಲಿ ಉಳಿದಿದೆ. ಇಂಥ ಹ್ಯಾಂಡ್‌ಸ್ಕ್ರೂನಲ್ಲಿ ಪ್ರತಿ ಉಕ್ಕಿನ ಸರಳಿನ ಅರ್ಧಕ್ಕೆ ಬಲ ಥ್ರೆಡ್, ಇನ್ನರ್ಧಕ್ಕೆ ಎಡ ಥ್ರೆಡ್. ದವಡೆಯೊಳಗೆ ಕೂತ ದುಂಡು ನಟ್ಟುಗಳು ಹೊರಳುವುದರಿಂದ ದವಡೆಗಳನ್ನು ಓರೆಯಾಗಿಯೂ ನಿಲ್ಲಿಸಬಹುದು. ಕೆಳಗೆ ಸಣ್ಣಗಾಗುತ್ತ ಹೋಗುವ ಕುರ್ಚಿ ಕಾಲನ್ನು ಹಿಡಿಯಲು ಇದೇ ಬೇಕು.

ಮನೆಯಲ್ಲೇ ಮಾಡಲು ಹೊರಟವರು ತೊಡಕಿಗೆ ಸಿಕ್ಕುವುದು ಈ ಎಡ ಥ್ರೆಡ್ಡಿನಲ್ಲಿ. ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಥ್ರೆಡ್ ರಾಡು ಸಾಮಾನ್ಯವಾಗಿ ಬಲದ್ದೇ. ತಂತಿ ಬಿಗಿಯುವ ಟರ್ನ್‌ಬಕಲ್‌ನಲ್ಲಿ ಎರಡೂ ಬಗೆಯ ಥ್ರೆಡ್ ಇರುತ್ತದೆ ನಿಜ, ಆದರೆ ಅದನ್ನು ಕತ್ತರಿಸಿ ಬೆಸುಗೆ ಹಾಕುವ ಉಪಾಯವನ್ನು ನಾನು ಹೇಳುವುದಿಲ್ಲ: ಉದ್ದ ಸಾಲದು, ಸತುವಿನ ಲೇಪ ಕಾದಾಗ ಏಳುವ ಹೊಗೆಯೂ ವಿಷ. ಪೀಣ್ಯದಂಥ ಕಡೆ ಲೇತ್ ಇಟ್ಟುಕೊಂಡವರ ಬಳಿ ಹೋಗುವುದೇ ಸರಿ. 10 ಮಿ.ಮೀ. ದಪ್ಪದ ಸರಳಿಗೆ 1.5 ಮಿ.ಮೀ. ಪಿಚ್ಚಿನಂತೆ ಅರ್ಧ ಎಡ, ಅರ್ಧ ಬಲ, ನಡುವೆ ಅರ್ಧ ಇಂಚು ಖಾಲಿ ಎಂದು ಚೀಟಿಯಲ್ಲಿ ಬರೆದು ಕೊಡಿ. ಒಂದು ಸುತ್ತಿಗೆ ಬಾಯಿ 3 ಮಿ.ಮೀ. ಸರಿಯುತ್ತದೆ. 20 ಮಿ.ಮೀ. ದುಂಡು ಕಬ್ಬಿಣದಲ್ಲಿ ನಾಲ್ಕು ನಟ್ಟು, ಎರಡಕ್ಕೆ ಎಡ ಟ್ಯಾಪ್. ಖರ್ಚು ಉಳಿಸುವುದಿದ್ದರೆ ಮರದಲ್ಲಿ ಉಳಿಸಿ, ಇಲ್ಲಿ ಬೇಡ. ಸಡಿಲ ಥ್ರೆಡ್ಡಿನ ಹ್ಯಾಂಡ್‌ಸ್ಕ್ರೂ ಯಾವ ಕೆಲಸಕ್ಕೂ ಬಾರದು.

ದವಡೆಗೆ ಮೇಪಲ್ ಹುಡುಕಿ ಅಲೆಯಬೇಕಿಲ್ಲ. ನೇಗಿಲಿಗೆ, ಗಾಡಿಯ ಗುಂಬಕ್ಕೆ ತಾಳಿದ ಕರಿಜಾಲಿ ಇದಕ್ಕೂ ತಾಳುತ್ತದೆ. ಹೊನ್ನೆ, ಮತ್ತಿಯೂ ಆದೀತು. ಚೇಗು ಬಲಿತ, ಗಂಟಿಲ್ಲದ, ಎಳೆ ನೇರವಾಗಿರುವ ಒಣ ತುಂಡು ಮುಖ್ಯ. 10 ಇಂಚು ಉದ್ದ, ಒಂದೂವರೆ ಇಂಚು ಚೌಕದ ಎರಡು ತುಂಡುಗಳನ್ನು ಒಂದೇ ಹಲಗೆಯಿಂದ ತೆಗೆಯಿರಿ. ಹಿಂತುದಿಯಿಂದ ಒಂದೂವರೆ ಇಂಚಿಗೆ ಒಂದು, ನಡುಮಧ್ಯಕ್ಕೆ ಒಂದರಂತೆ ಗುರುತು ಹಾಕಿ, ಎರಡನ್ನೂ ಒಟ್ಟಿಗೆ ಕಟ್ಟಿ ಸರಳಿಗೂ, ಅದಕ್ಕೆ ಅಡ್ಡವಾಗಿ ನಟ್ಟಿಗೂ ತೂತು ಕೊರೆಯಿರಿ. ದವಡೆಯ ಮುಂತುದಿಯನ್ನು ಓರೆಯಾಗಿ ಕತ್ತರಿಸುವುದು ತೂತು ಕೊರೆದ ಮೇಲೆಯೇ. ಮೊದಲೇ ಕತ್ತರಿಸಿದರೆ ತುಂಡು ಡ್ರಿಲ್ಲಿನ ಕೆಳಗೆ ನೆಟ್ಟಗೆ ಕೂರುವುದಿಲ್ಲ. ಸರಳು ಹಾಯುವ ತೂತನ್ನು ದವಡೆಯ ಉದ್ದಕ್ಕೆ ಉಳಿಯಿಂದ ಅಗಲಿಸಬೇಕು, ಇಲ್ಲದಿದ್ದರೆ ಓರೆಯಾಗಲು ಜಾಗವಿರದು. ಎಡ ನಟ್ಟು ಒಂದು ತುದಿಯಿಂದ, ಬಲ ನಟ್ಟು ಇನ್ನೊಂದು ತುದಿಯಿಂದಲೇ ಏರಬೇಕಾದ್ದರಿಂದ ಹಿಡಿ ಜೋಡಿಸುವುದು ಎಲ್ಲಕ್ಕಿಂತ ಕೊನೆಗೆ. ಎರಡು ಸರಳುಗಳ ಹಿಡಿ ಎದುರುಬದುರು ದಿಕ್ಕಿಗಿರಲಿ.

ದವಡೆಯ ಒಳಮೈಗೆ ಅಗಸೆ ಎಣ್ಣೆ ಕುಡಿಸಿ ಮೇಣ ಉಜ್ಜಿದರೆ ಉಕ್ಕಿ ಬಂದ ಫೆವಿಕಾಲ್ ಒಣಗಿದ ಮೇಲೆ ಉಗುರಿಗೇ ಎದ್ದುಬರುತ್ತದೆ. ಇನ್ನೊಂದು ಮಾತು: ಲೇತಿನವರಿಗೆ ಎಡ ಥ್ರೆಡ್ಡಿಗೆ ಯಂತ್ರ ಹೊಂದಿಸುವುದೇ ದೊಡ್ಡ ಕೆಲಸ, ಹೊಂದಿಸಿದ ಮೇಲೆ ಎಂಟು ಸರಳು ಕೊರೆಯುವುದು ಕಷ್ಟವಲ್ಲ. ಹಾಗಾಗಿ ನಾಲ್ಕು ಜನ ಗೆಳೆಯರು ಸೇರಿ ಒಂದೇ ಸಲ ಹೇಳಿ ಮಾಡಿಸಿ.