ಹಿತ್ತಲಿನ ಗೊಬ್ಬರದ ಗುಂಡಿಯೂ ಊರಿನ ನೆಮ್ಮದಿಯೂ

‘ಹಿತ್ತಲ ಗಿಡ ಮದ್ದಲ್ಲ’ ಎಂಬುದು ಕನ್ನಡ ನಾಡಿನ ಹಳೆಯ ಗಾದೆ. ಕೈಗೆ ಸಮೀಪವಿರುವ ವಸ್ತುವಿನ ಬೆಲೆಯು ಮನೆಯವರಿಗೇ ತಿಳಿಯದೆಂಬುದು ಇದರ ತಾತ್ಪರ್ಯ. ಬೆಂಗಳೂರಿನ ಉತ್ತರಕ್ಕಿರುವ ಯಶವಂತಪುರ, ಹೆಬ್ಬಾಳ, ಯಲಹಂಕ ಪ್ರಾಂತ್ಯದ ವಿಷಯದಲ್ಲಿ ಈ ಗಾದೆಯು ಗಿಡಕ್ಕೆ ಮಾತ್ರವಲ್ಲದೆ, ಗಿಡದ ಬುಡಕ್ಕೆ ಹಾಕುವ ಗೊಬ್ಬರಕ್ಕೂ ಸಲ್ಲುತ್ತದೆ. ಹಿತ್ತಲಿನ ಗುಂಡಿಯನ್ನು ಅಲಕ್ಷ್ಯ ಮಾಡಿದುದರ ಫಲವನ್ನು ಈ ಸೀಮೆಯ ಗ್ರಾಮಗಳು ಅನುಭವಿಸಿರುವುದರಿಂದ, ಗ್ರಾಮದ ಮುಖಂಡರೂ ಭೂಮಾಲೀಕರೂ ಈ ಸಂಗತಿಯನ್ನು ಗಮನಿಸುವುದು ಅವಶ್ಯಕ.

ಹಿತ್ತಲಿನ ಬಾಳು

ಈ ಸೀಮೆಯ ಹಳೆಯ ಮನೆಗಳಲ್ಲಿ ಹಿತ್ತಲೆಂದರೆ ಕೇವಲ ಖಾಲಿ ಜಾಗವಾಗಿರಲಿಲ್ಲ. ಒಂದು ನುಗ್ಗೆಯ ಮರ, ಒಂದು ಕರಿಬೇವು, ಬಚ್ಚಲ ನೀರು ಹರಿಯುವಲ್ಲಿ ನಾಲ್ಕು ಬಾಳೆ, ಬೇಲಿಯ ಮೇಲೆ ಹೀರೆ ಅಥವಾ ಪಡವಲದ ಬಳ್ಳಿ, ಮೂಲೆಯಲ್ಲಿ ದೊಡ್ಡಪತ್ರೆ, ಇವು ಸಾಮಾನ್ಯವಾಗಿದ್ದವು. ಮಾಗಿಯ ಕಾಲದಲ್ಲಿ ಸೊಗಡಿನ ಅವರೆ ಬಂದರೆ ಮನೆಮಂದಿಯೆಲ್ಲ ಕೂಡಿ ಕಾಯಿ ಬಿಡಿಸುವರು. ಬಿತ್ತನೆಯ ಬೀಜವನ್ನು ಅಂಗಡಿಯಿಂದ ತರುವ ಪದ್ಧತಿಯು ಕಡಮೆ. ಒಬ್ಬರ ಮನೆಯ ಕುಂಬಳದ ಬೀಜ ಇನ್ನೊಬ್ಬರ ಬೇಲಿಯನ್ನು ದಾಟುವುದು. ಪ್ರತಿಯಾಗಿ ಬಸಳೆಯ ಕಡ್ಡಿ ಈಚೆಗೆ ಬರುವುದು. ಇಂತಹ ಕೊಡುಕೊಳ್ಳುವಿಕೆಯಿಂದಲೇ ನೆರೆಹೊರೆಯ ಸ್ನೇಹವು ಬೆಳೆಯುತ್ತಿತ್ತು. ಬೇಲಿಯ ಬಳಿ ಬೀಜದ ಮಾತಾಗಿ ಆರಂಭವಾದುದು, ಕೆರೆಯ ತೂಬು, ಊರಿನ ಹಾದಿ, ಪಂಚಾಯಿತಿಯ ಚುನಾವಣೆ ಎಂದು ಮುಂದುವರಿಯುತ್ತಿದ್ದುದು ಸಹಜವೇ.

ಹಿತ್ತಲಿನ ಬೆಳೆಗೆ ವಿದ್ಯೆಯ ಬೆಂಬಲವೂ ಇದೇ ಪ್ರಾಂತ್ಯದಲ್ಲಿ ದೊರೆಯಿತು. 1899ರಲ್ಲಿ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ವ್ಯವಸಾಯದ ಪ್ರಯೋಗಗಳಿಗಾಗಿ ಹೆಬ್ಬಾಳದಲ್ಲಿ 30 ಎಕರೆ ಭೂಮಿಯನ್ನು ದಯಪಾಲಿಸಿದರು. 1913ರಲ್ಲಿ ಅಲ್ಲಿ ವ್ಯವಸಾಯ ಶಾಲೆಯೂ, 1946ರಲ್ಲಿ ಕಾಲೇಜೂ ಸ್ಥಾಪಿತವಾದವು. 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯವು ಉದಯವಾಯಿತು. ಹಳೆಯ ಅವರೆಯು ಹಗಲು ಕಿರಿದಾಗುವ ಕಾಲದಲ್ಲಿ ಮಾತ್ರ ಹೂಬಿಡುವ ಸ್ವಭಾವದ್ದು. ಈ ನಿರ್ಬಂಧವಿಲ್ಲದೆ ವರ್ಷದ ಬೇರೆ ಕಾಲಗಳಲ್ಲಿಯೂ ಫಲ ಕೊಡುವ ಗಿಡ್ಡ ತಳಿಗಳನ್ನು ಆ ವಿಶ್ವವಿದ್ಯಾನಿಲಯವು ಹೊರತಂದಿತು. ಅವುಗಳಿಗೆ ‘ಹೆಬ್ಬಾಳ ಅವರೆ’ ಎಂಬ ಹೆಸರು ಸಂದಿರುತ್ತದೆ. ಚಪ್ಪರವಿಲ್ಲದ ಸಣ್ಣ ಹಿತ್ತಲಿಗೂ ಈ ಜಾತಿಯು ಒಪ್ಪುವುದು.

ಊರಿನ ಹೆಸರಿನ ಗೊಬ್ಬರ

ಗೊಬ್ಬರದ ವಿಷಯದಲ್ಲಿ ಈ ಪ್ರಾಂತ್ಯದ ಕೀರ್ತಿಯು ಇನ್ನೂ ದೊಡ್ಡದು. ಯಶವಂತಪುರದ ಮಗ್ಗುಲಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾಕ್ಟರ್ ಸಿ. ಎನ್. ಆಚಾರ್ಯರು 1939ರ ಸುಮಾರಿಗೆ, ಊರಿನ ಕಸ ಮತ್ತು ಮಲವನ್ನು ಗುಂಡಿಯಲ್ಲಿ ಪದರಪದರವಾಗಿ ಹಾಕಿ ಗೊಬ್ಬರ ಮಾಡುವ ಕ್ರಮವನ್ನು ಕಂಡುಹಿಡಿದರು. ಇದು ‘ಬೆಂಗಳೂರು ಪದ್ಧತಿ’ ಎಂದು ಪ್ರಸಿದ್ಧವಾಯಿತು. ಇದಕ್ಕೆ ಹಿಂದಿನ ‘ಇಂದೂರು ಪದ್ಧತಿ’ಯಲ್ಲಿ ರಾಶಿಯನ್ನು ಮತ್ತೆ ಮತ್ತೆ ಮಗುಚಬೇಕು. ಬೆಂಗಳೂರು ಪದ್ಧತಿಯಲ್ಲಿ ಗುಂಡಿಯನ್ನು ಒಮ್ಮೆ ತುಂಬಿ ಮಣ್ಣಿನಿಂದ ಮೆತ್ತಿದರೆ ಮಗುಚುವ ಆಳಿನ ಖರ್ಚು ಉಳಿಯುವುದು. ಆದರೆ ಕಾಲವು ಹೆಚ್ಚು ಬೇಕು.

ಮಾವಳ್ಳಿಪುರದ ಪಾಠ

ಇಷ್ಟು ಹಿರಿಮೆಯುಳ್ಳ ನಗರವು ಕಾಲಕ್ರಮದಲ್ಲಿ ತನ್ನ ಪದ್ಧತಿಯನ್ನೇ ಮರೆಯಿತು. ಬಡಾವಣೆಗಳು ಎದ್ದು ಹಿತ್ತಲುಗಳು ಮಾಯವಾದವು. 2007ರಲ್ಲಿ ಯಲಹಂಕ, ಬ್ಯಾಟರಾಯನಪುರ, ದಾಸರಹಳ್ಳಿ ಮೊದಲಾದ ನಗರಸಭೆಗಳೂ 110 ಗ್ರಾಮಗಳೂ ಮಹಾನಗರ ಪಾಲಿಕೆಗೆ ಸೇರಿದವು. ಗುಂಡಿಯಿಲ್ಲದ ಮನೆಗಳ ಕಸವು ಲಾರಿಗಳನ್ನೇರಿ ಹಳ್ಳಿಯ ಕಡೆಗೆ ಹೊರಟಿತು. ಯಲಹಂಕಕ್ಕೆ ಸಮೀಪದ ಮಾವಳ್ಳಿಪುರದಲ್ಲಿ ಅದು ಗುಡ್ಡವಾಗಿ ಬೆಳೆಯಿತು. ಕೊಳೆತ ರಸವು ನೀರಿಗೆ ಸೇರುವುದು, ನೊಣಗಳು, ದುರ್ವಾಸನೆ, ರೋಗಗಳು ಇವುಗಳಿಂದ ಬೇಸತ್ತ ಗ್ರಾಮಸ್ಥರು ಒಟ್ಟಾಗಿ ಪ್ರತಿಭಟಿಸಿದರು. 2012ನೆಯ ಜುಲೈ ತಿಂಗಳಲ್ಲಿ ಅಲ್ಲಿ ಕಸ ಸುರಿಯುವುದು ನಿಂತಿತು. ಕೂಡಲೇ ನಗರದ ಬೀದಿಗಳಲ್ಲಿ ಕಸವು ರಾಶಿ ಬಿದ್ದಿತು. ಲಾರಿಗಳ ಹೊರೆಯು ಪೂರ್ವದ ಮಂಡೂರಿನ ಮೇಲೆ ಬಿದ್ದು, ಅಲ್ಲಿಯೂ ಜನರು ತಡೆದುದರಿಂದ 2014ರ ಕೊನೆಗೆ ಅದೂ ನಿಂತಿತು. 2015ರಲ್ಲಿ ಉಚ್ಚ ನ್ಯಾಯಾಲಯವು, ಕಸವನ್ನು ಪ್ರತಿ ಮನೆಯಲ್ಲಿಯೇ ಬೇರ್ಪಡಿಸಬೇಕೆಂದು ಆಜ್ಞಾಪಿಸಿತು.

ಒಂದು ಸಂಗತಿಯು ಇಲ್ಲಿ ವಿಚಾರಾರ್ಹ. ಆ ಗುಡ್ಡದ ಪಾಲಿನಲ್ಲಿ ಅರ್ಧಕ್ಕಿಂತ ಹೆಚ್ಚಾಗಿ ಇರುತ್ತಿದ್ದುದು ಕಾಯಿಪಲ್ಯದ ಸಿಪ್ಪೆ, ಅನ್ನ, ಎಲೆ, ಹೂವು ಮುಂತಾದ ಕೊಳೆಯುವ ಪದಾರ್ಥವೇ. ಹಿತ್ತಲಿನಲ್ಲಿ ಚಿನ್ನವಾಗಬಹುದಾಗಿದ್ದ ವಸ್ತುವು ಪ್ಲಾಸ್ಟಿಕಿನೊಡನೆ ಬೆರೆತು ನೆರೆಯೂರಿಗೆ ವಿಷವಾಯಿತು. ಮೊದಲು ನಗರದ ಕಸವನ್ನು ಗಾಡಿಗಳಲ್ಲಿ ಹೇರಿಕೊಂಡು ಹೋಗಿ ಹೊಲಕ್ಕೆ ಹಾಕುತ್ತಿದ್ದ ರೈತರೂ, ಗಾಜು, ಪ್ಲಾಸ್ಟಿಕ್ ಬೆರೆತ ಮೇಲೆ ಅದನ್ನು ಮುಟ್ಟದಾದರು. ಮನೆಯ ಹಿತ್ತಲಿನಲ್ಲಿ ತೀರಬೇಕಾದ ಕೆಲಸವು ತೀರದೆ ಹೋದುದರಿಂದಲೇ ಅದು ಊರೂರಿನ ರಾಜಕೀಯವಾಗಿ ಪರಿಣಮಿಸಿತು.

ಗುಂಡಿಯ ಕ್ರಮ

ಹಿತ್ತಲಿನ ಗುಂಡಿಗೆ ವಿಶೇಷ ವೆಚ್ಚವಿಲ್ಲ. ಮಳೆಯ ನೀರು ನಿಲ್ಲದ, ಬಾವಿಗೆ ದೂರವಾದ ಎತ್ತರದ ಸ್ಥಳದಲ್ಲಿ 3 ಅಡಿ ಆಳದ ಗುಂಡಿಯನ್ನು ತೋಡತಕ್ಕದ್ದು. ಉದ್ದ ಅಗಲಗಳು ಮನೆಯ ಕಸಕ್ಕೆ ತಕ್ಕಂತಿರಲಿ. ತಳದಲ್ಲಿ ಒಣ ಎಲೆ, ಕಡ್ಡಿಗಳನ್ನು ಹರಡಿ, ಅದರ ಮೇಲೆ 6 ಅಂಗುಲ ದಪ್ಪಕ್ಕೆ ಅಡಿಗೆಮನೆಯ ಮತ್ತು ಹಿತ್ತಲಿನ ಕಸವನ್ನು ಹಾಕಿ, ಸಗಣಿಯ ಬಗ್ಗಡವನ್ನೂ ಗಂಜಲವನ್ನೂ ಚಿಮುಕಿಸಿ, ತೆಳುವಾಗಿ ಮಣ್ಣು ಉದುರಿಸಬೇಕು. ಮೂಲ ಪದ್ಧತಿಯಲ್ಲಿ ಮಲದ ಪದರವಿತ್ತು. ಮನೆಯ ಗುಂಡಿಗೆ ಅದು ತಕ್ಕುದಲ್ಲ, ಸಗಣಿಯೇ ಸಾಕು. ಹೀಗೆ ಪದರಗಳು ನೆಲದ ಮಟ್ಟಕ್ಕಿಂತ ಒಂದಡಿ ಮೇಲೇರಿದ ಮೇಲೆ ಮಣ್ಣಿನಿಂದ ಮೆತ್ತಿ ಮುಚ್ಚಬೇಕು. ಆರರಿಂದ ಎಂಟು ತಿಂಗಳಲ್ಲಿ ಕಪ್ಪಾದ, ಮಣ್ಣಿನ ವಾಸನೆಯ ಗೊಬ್ಬರವು ಸಿದ್ಧವಾಗುವುದು. ಎರಡು ಗುಂಡಿಗಳಿದ್ದರೆ ಒಂದು ಮಾಗುವಾಗ ಮತ್ತೊಂದನ್ನು ತುಂಬಬಹುದು. ಪ್ಲಾಸ್ಟಿಕ್, ಗಾಜು, ಔಷಧದ ಶೀಸೆ, ಬ್ಯಾಟರಿಗಳನ್ನು ಎಂದಿಗೂ ಸೇರಿಸಕೂಡದು. ಹಿತ್ತಲಿಲ್ಲದವರು ತೂತುಗಳಿರುವ ಮಣ್ಣಿನ ಮಡಕೆಯಲ್ಲಿ ಒಣ ಎಲೆಯೊಡನೆ ಕಸವನ್ನು ಪದರವಾಗಿ ಹಾಕಿ, ಆಗಾಗ್ಗೆ ಕೆದಕಿ, ಮಾಳಿಗೆಯ ಮೇಲಿನ ಗಿಡಗಳಿಗೆ ಬೇಕಾದಷ್ಟು ಗೊಬ್ಬರವನ್ನು ಪಡೆಯಬಹುದು.

ಮುಖಂಡರ ಕರ್ತವ್ಯ

ನಗರದ ಅಂಚಿನ ಭೂಮಾಲೀಕರು ಜಮೀನನ್ನು ನಿವೇಶನಗಳಾಗಿ ವಿಂಗಡಿಸುವಾಗ ಪ್ರತಿ ಅಡಿಯನ್ನೂ ಮಾರಲು ಯೋಚಿಸುವುದುಂಟು. ಬಡಾವಣೆಗೊಂದು ಸಾಮಾನ್ಯ ಗೊಬ್ಬರದ ಗುಂಡಿಗೂ ನಾಲ್ಕು ಮರಗಳಿಗೂ ಸ್ಥಳ ಬಿಡುವುದು ನಷ್ಟವಲ್ಲ. ತಮ್ಮ ಉಳಿದ ಜಮೀನಿನ ನೀರನ್ನೇ ಕಾಪಾಡಿಕೊಂಡಂತಾಗುವುದು. ಮುಖಂಡರು ಗ್ರಾಮಸಭೆಯಲ್ಲಿ ಹಾದಿ, ದೀಪಗಳ ವಿಷಯದೊಡನೆ ಕಸದ ವಿಷಯವನ್ನೂ ಎತ್ತತಕ್ಕದ್ದು. ಮೊದಲು ತಮ್ಮ ಮನೆಯ ಹಿತ್ತಲಿನಲ್ಲಿ ಗುಂಡಿ ತೋಡಿ, ಆಮೇಲೆ ಇತರರಿಗೆ ಹೇಳಿದರೆ ಮಾತಿಗೆ ತೂಕವುಂಟು. ಪಕ್ಷಭೇದವಿದ್ದವರೂ ಬೇಲಿಯ ಬಳಿ ಬೀಜವನ್ನು ಹಂಚಿಕೊಳ್ಳಬಹುದು, ಗೊಬ್ಬರಕ್ಕೆ ಪಕ್ಷವಿಲ್ಲ.

ಮಾವಳ್ಳಿಪುರದವರು ಪಟ್ಟ ಕಷ್ಟವು ಮತ್ತೊಂದು ಊರಿಗೆ ಬಾರದಿರಬೇಕಾದರೆ, ಅದರ ತಡೆಯು ಪ್ರತಿಯೊಂದು ಮನೆಯ ಹಿತ್ತಲಿನಲ್ಲಿಯೇ ಆರಂಭವಾಗಬೇಕು. ಹಿತ್ತಲ ಗಿಡವೂ ಮದ್ದೇ. ಹಿತ್ತಲ ಗುಂಡಿಯೂ ಮದ್ದೇ.