ಕೋಳಿಯ ಮೇವಿಗೆ ಕಿಣ್ವವು ಬಂದ ಬಗೆ

ಮೈಸೂರಿನಿಂದ ತಿರುಮಕೂಡಲು ನರಸೀಪುರ, ಮೂಗೂರುಗಳನ್ನು ಹಾದು ಚಾಮರಾಜನಗರದ ಕಡೆಗೆ ಸಾಗುವ ದಾರಿಯು ಕೊಳ್ಳೇಗಾಲ, ಯಳಂದೂರುಗಳಿಂದ ಬರುವ ದಾರಿಯನ್ನು ಸಂಧಿಸುವ ಎಡೆಯಲ್ಲಿ ಸಂತೆಮರಹಳ್ಳಿಯಿದೆ. ರಾಗಿ, ಜೋಳ, ಹುರುಳಿಗಳಿಗೂ ಹಿಪ್ಪುನೇರಳೆಗೂ ಹೆಸರಾಗಿದ್ದ ಈ ಸೀಮೆಯ ಹೊಲಗಳಲ್ಲಿ ಈಗ ಮುಸುಕಿನ ಜೋಳವೂ ತನ್ನ ಪಾಲನ್ನು ಪಡೆದಿದೆ. ಗುಂಡ್ಲುಪೇಟೆಯ ಕಡೆಗೆ ನಡೆದರೆ ಮಳೆಗಾಲದಲ್ಲಿ ಸೂರ್ಯಕಾಂತಿಯ ಹಳದಿಯು ಕಣ್ಣು ತುಂಬುತ್ತದೆ. ಈ ಮುಸುಕಿನ ಜೋಳದ ಬಹುಭಾಗವು ಮನುಷ್ಯನ ತಟ್ಟೆಯನ್ನು ನೇರವಾಗಿ ಸೇರುವುದಿಲ್ಲ. ಅದು ಕೋಳಿಯ ಹೊಟ್ಟೆಯ ಮಾರ್ಗವಾಗಿಯೇ ನಮ್ಮನ್ನು ತಲುಪತಕ್ಕದ್ದು. ಎಣ್ಣೆ ಹಿಂಡಿದ ಮೇಲೆ ಉಳಿಯುವ ಸೂರ್ಯಕಾಂತಿಯ ಹಿಂಡಿಗೂ, ಅಕ್ಕಿ ಗಿರಣಿಯ ತೌಡಿಗೂ, ಅಷ್ಟೇಕೆ, ನೂಲು ಬಿಚ್ಚಿದ ಮೇಲೆ ರೇಷ್ಮೆಗೂಡಿನೊಳಗೆ ಉಳಿಯುವ ಸತ್ತ ಹುಳುವಿಗೂ ಇದೇ ಗತಿಯುಂಟು.

ಹಿತ್ತಲಿನಲ್ಲಿ ನುಚ್ಚನ್ನೂ ಹುಳುಹುಪ್ಪಟೆಯನ್ನೂ ಹೆಕ್ಕಿ ತಿಂದು ಬೆಳೆಯುತ್ತಿದ್ದ ನಾಟಿಕೋಳಿಗೆ ತಿಂದದ್ದು ಎಷ್ಟು ಅರಗಿತೆಂದು ಯಾರೂ ಲೆಕ್ಕವಿಟ್ಟವರಲ್ಲ. ಆದರೆ ಆರು ವಾರಗಳಲ್ಲಿ ಎರಡು ಕಿಲೋ ತೂಗಬೇಕಾದ ಬ್ರಾಯ್ಲರ್ ಮರಿಯ ವಿಷಯದಲ್ಲಿ, ಸಾಕಣೆಯ ವೆಚ್ಚದ ಮೂರರಲ್ಲಿ ಎರಡು ಪಾಲು ಮೇವಿಗೇ ಹೋಗುವುದರಿಂದ, ಅರಗದೆ ಹೊರಬಿದ್ದ ಪ್ರತಿಯೊಂದು ಕಣವೂ ರೊಕ್ಕವೇ ಆಗಿ ಪರಿಣಮಿಸುತ್ತದೆ. ಅರಗದಿರುವುದಕ್ಕೆ ಕಾರಣವು ಕೋಳಿಯಲ್ಲಿಲ್ಲ, ಕಾಳಿನಲ್ಲಿದೆ. ಸಸ್ಯವು ತನ್ನ ಸಂತಾನದ ಮೊಳಕೆಗೆಂದು ಕೂಡಿಟ್ಟ ರಂಜಕದ ಸುಮಾರು ಮೂರರಲ್ಲಿ ಎರಡು ಪಾಲನ್ನು ಫೈಟಿಕ್ ಆಮ್ಲವೆಂಬ ವಸ್ತುವಿನಲ್ಲಿ ಕಟ್ಟಿಟ್ಟಿರುತ್ತದೆ. ಒಂದೊಂದು ಅಣುವಿಗೆ ಆರಾರು ರಂಜಕದ ಗುಂಪುಗಳು ಅಂಟಿಕೊಂಡಿರುವ ಈ ಆಮ್ಲವು ಸುಣ್ಣ, ಸತು, ಕಬ್ಬಿಣಗಳನ್ನೂ ಬಿಗಿಹಿಡಿಯುತ್ತದೆ. ಅದನ್ನು ಒಡೆಯುವ ಫೈಟೇಸ್ ಎಂಬ ಕಿಣ್ವವು ಕೋಳಿಯ ಕರುಳಿನಲ್ಲಿ ಸಾಲುವಷ್ಟಿಲ್ಲ. ಆದಕಾರಣ ಕಾಳಿನೊಳಗೆ ರಂಜಕವು ಇದ್ದೂ ಇಲ್ಲದಂತಾಗಿ, ಮೂಳೆ ಗಟ್ಟಿಯಾಗಲೆಂದು ಗಣಿಯ ರಂಜಕಶಿಲೆಯಿಂದ ತಯಾರಿಸಿದ ಡಿಸಿಪಿ ಪುಡಿಯನ್ನು ಹೊರಗಿನಿಂದ ಬೆರೆಸಬೇಕಾಗುತ್ತದೆ.

ನಮ್ಮ ಹೆಂಗಸರು ರಸಾಯನಶಾಸ್ತ್ರದ ಹಂಗಿಲ್ಲದೆಯೇ ಈ ಕಟ್ಟನ್ನು ಬಿಚ್ಚುತ್ತ ಬಂದಿದ್ದಾರೆಂಬುದನ್ನು ಇಲ್ಲಿ ಹೇಳಲೇಬೇಕು. ಎಳೆಗೂಸಿಗೆ ರಾಗಿಯ ಸರಿ ಮಾಡುವ ಮುನ್ನ ರಾಗಿಯನ್ನು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಹುರಿದು ಬೀಸುವ ಪದ್ಧತಿಯಲ್ಲಿ, ಮೊಳೆಯುವ ಕಾಳು ತನ್ನೊಳಗಿನ ಕಿಣ್ವಗಳನ್ನು ತಾನೇ ಎಚ್ಚರಿಸಿಕೊಂಡು ಪಿಷ್ಟವನ್ನೂ ಫೈಟಿಕ್ ಆಮ್ಲವನ್ನೂ ಕರಗಿಸಲು ತೊಡಗುತ್ತದೆ. 1833ರಲ್ಲಿ ಪ್ಯಾರಿಸ್ಸಿನ ಪಾಯೆನ್ ಮತ್ತು ಪರ್ಸೊ ಎಂಬಿಬ್ಬರು ವಿದ್ವಾಂಸರು ಮೊಳೆತ ಬಾರ್ಲಿಯಿಂದಲೇ ಡಯಾಸ್ಟೇಸನ್ನು ಬೇರ್ಪಡಿಸಿ ಕಿಣ್ವಶಾಸ್ತ್ರಕ್ಕೆ ಅಸ್ತಿಭಾರವನ್ನಿಕ್ಕಿದರು. ಅಲ್ಲಿಂದ ಮುಂದೆ ಈ ಕಥೆಯು ಜಪಾನಿನ ಕಡೆಗೆ ಹೊರಳುತ್ತದೆ. ಅಮೆರಿಕದಲ್ಲಿ ನೆಲೆಸಿದ ತಕಾಮಿನೆ ಎಂಬ ಜಪಾನೀಯನು 1894ರಲ್ಲಿ ಗೋಧಿಯ ತೌಡಿನ ಮೇಲೆ ಆಸ್ಪರ್ಜಿಲ್ಲಸ್ ಎಂಬ ಬೂಷ್ಟನ್ನು ಬೆಳೆಸಿ ಕಿಣ್ವವನ್ನು ತೆಗೆಯುವ ವಿಧಾನಕ್ಕೆ ಹಕ್ಕುಪತ್ರ ಪಡೆದನು. 1907ರಲ್ಲಿ ಸುಜುಕಿ ಮತ್ತು ಅವನ ಸಹೋದ್ಯೋಗಿಗಳು ಅಕ್ಕಿಯ ತೌಡಿನಲ್ಲಿ ಫೈಟೇಸಿನ ಇರವನ್ನು ಕಂಡುಹಿಡಿದರು. 1925ರಲ್ಲಿ ಕ್ಲಿಕ್ನರ್, ಫಾಲ್ವೆಲ್ ಎಂಬಿಬ್ಬರು ಅಂತಹುದೇ ಬೂಷ್ಟಿನಿಂದಾದ 'ಪ್ರೋಟೋಜೈಮ್' ಎಂಬುದನ್ನು ಕೋಳಿಗೆ ತಿನ್ನಿಸಿ ವರದಿಯನ್ನೂ ಪ್ರಕಟಿಸಿದರು. ಆದರೆ ಮೇವು ಅಗ್ಗವಾಗಿದ್ದ ಆ ದಿನಗಳಲ್ಲಿ ಕಿಣ್ವವೇ ದುಬಾರಿಯಾಗಿದ್ದಿತು. ಯಾರಿಗೆ ಬೇಕಾಗಿತ್ತು ಆ ಉಪದ್ವ್ಯಾಪ!

ಬೇಕಾದದ್ದು ಬಾರ್ಲಿಯ ದೇಶಗಳಿಗೆ. ಬಾರ್ಲಿಯಲ್ಲಿ ಬೀಟಾ ಗ್ಲೂಕನ್ ಎಂಬ ಅಂಟು ಪದಾರ್ಥವುಂಟು. ಅದು ಕರುಳಿನಲ್ಲಿ ನೀರನ್ನು ಹೀರಿ ಲೋಳೆಯಾಗಿ ಉಬ್ಬುವುದರಿಂದ, ಜೀರ್ಣರಸಗಳು ಆಹಾರವನ್ನು ತಲುಪಲಾರವು, ಜೀರ್ಣವಾದ ಸತ್ತ್ವವು ಕರುಳಿನ ಗೋಡೆಯನ್ನು ಸೇರಲಾರದು. 1957ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಜೆನ್ಸೆನ್, ಮ್ಯಾಕ್‌ಗಿನಿಸ್ ಮೊದಲಾದವರು ಬಾರ್ಲಿಯ ಮೇವಿಗೆ ಕಿಣ್ವವನ್ನು ಬೆರೆಸಿದಾಗ ಮರಿಗಳು ಚೆನ್ನಾಗಿ ಬೆಳೆದವು, ಹಿಕ್ಕೆಯ ಅಂಟೂ ತಗ್ಗಿತು. ಬಾರ್ಲಿಯನ್ನು ಬರಿಯ ನೀರಿನಲ್ಲಿ ನೆನೆಸಿ ಒಣಗಿಸಿದರೂ ಗುಣ ಕಂಡುಬಂದಿತೆಂಬ ಸಂಗತಿಯನ್ನು ಕೇಳಿದರೆ ನಮ್ಮ ಅಜ್ಜಿಯರು ನಕ್ಕಾರು. ಮುಸುಕಿನ ಜೋಳವು ಬೆಳೆಯಲಾರದ ಶೀತದ ನಾಡಾದ ಫಿನ್ಲೆಂಡಿನಲ್ಲಿ 1984ರ ವೇಳೆಗೆ ಇಂತಹ ಕಿಣ್ವ ಬೆರೆತ ಬಾರ್ಲಿಯ ಮೇವು ಮಾರಾಟಕ್ಕೇ ಬಂದಿತು.

ಹಿಕ್ಕೆಯ ಅಂಟೆಂಬುದು ಸಣ್ಣ ಮಾತಲ್ಲ. ನಮ್ಮ ಸೀಮೆಯ ಕೋಳಿ ಫಾರಮ್ಮಿಗೆ ಹೋದರೆ, ಸಾಕುವಾತನು ಹಕ್ಕಿಯನ್ನು ಎತ್ತಿ ನೋಡುವುದಕ್ಕೂ ಮುಂಚೆ ನೆಲದ ಹಾಸಿನಿಂದ ಒಂದು ಹಿಡಿ ಹೊಟ್ಟನ್ನು ತೆಗೆದು ಮುಷ್ಟಿಯಲ್ಲಿ ಅದುಮಿ ಬಿಡುವುದನ್ನು ಕಾಣಬಹುದು. ಉದುರಿದರೆ ಸರಿ, ಉಂಡೆ ಕಟ್ಟಿದರೆ ಅಮೋನಿಯದ ಘಾಟು, ಕಣ್ಣುರಿ, ಪಾದದ ಹುಣ್ಣು ಇವೆಲ್ಲ ಬೆನ್ನಟ್ಟಿ ಬಂದವೆಂದೇ ತಿಳಿಯಬೇಕು. "ಫೀಡು ಬದಲಾದ್ರ ಮೊದಲು ಹಾಸೇ ಹೇಳ್ತದ ಸಾ, ಅಂಟಾಯ್ತದ" ಎಂದು ಒಬ್ಬಾತನು ಅಂಗೈಯನ್ನು ಪಂಚೆಗೆ ಒರಸಿಕೊಳ್ಳುತ್ತ ಹೇಳಿದ ಮಾತಿನಲ್ಲಿ ವಿಜ್ಞಾನಿಗಳು ಬಹುಕಾಲ ಶ್ರಮಿಸಿ ಕಂಡ ಲಕ್ಷಣವೇ ಅಡಗಿತ್ತು.

ಫೈಟೇಸಿನ ದಾರಿಯು ಬೇರೆ. ನೆಲ್ಸನ್ ಎಂಬ ಅಮೆರಿಕದ ವಿಜ್ಞಾನಿಯು ಬೂಷ್ಟಿನ ಫೈಟೇಸನ್ನು ಮೇವಿಗೆ ಸೇರಿಸಿದರೆ ಮರಿಗಳು ಕಾಳಿನ ರಂಜಕವನ್ನೇ ಬಳಸಿಕೊಳ್ಳಬಲ್ಲವೆಂಬುದನ್ನು 1971ರ ಹೊತ್ತಿಗೇ ತೋರಿಸಿದ್ದನು. ಅದು ಇಪ್ಪತ್ತು ವರ್ಷ ಕಪಾಟಿನಲ್ಲಿ ಕುಳಿತಿತು. ಅದನ್ನು ಹೊರತೆಗೆಸಿದ್ದು ಕೋಳಿಯೂ ಅಲ್ಲ, ಕಾಳಿನ ಬೆಲೆಯೂ ಅಲ್ಲ, ಹಾಲೆಂಡಿನ ಗೊಬ್ಬರ. ಅಂಗೈಯಗಲದ ಆ ದೇಶದಲ್ಲಿ ಹಂದಿ, ಕೋಳಿಗಳ ಸಂಖ್ಯೆಯು ಮಿತಿಮೀರಿ, ಅರಗದ ರಂಜಕವೆಲ್ಲ ನೆಲಕ್ಕೂ ನೀರಿಗೂ ಇಳಿದು ಕಾಲುವೆಗಳಲ್ಲಿ ಪಾಚಿ ಹಬ್ಬಲಾಗಿ, 1980ರ ದಶಕದಲ್ಲಿ ಸರ್ಕಾರವು ಗೊಬ್ಬರದ ರಂಜಕಕ್ಕೆ ಕಟ್ಟಳೆಯನ್ನು ವಿಧಿಸಿತು. ಡೆಲ್ಫ್ಟ್ ನಗರದ ಗಿಸ್ಟ್ ಬ್ರೋಕೇಡ್ಸ್ ಸಂಸ್ಥೆಯು ಆಸ್ಪರ್ಜಿಲ್ಲಸ್ ನೈಜರ್ ಬೂಷ್ಟಿನ ವಂಶವಾಹಿಯನ್ನು ತಿದ್ದಿ ಅಧಿಕ ಫೈಟೇಸನ್ನು ಪಡೆದು 1991ರಲ್ಲಿ ಮಾರುಕಟ್ಟೆಗಿಳಿಸಿತು.

ಕರ್ನಾಟಕಕ್ಕೆ ಕಿಣ್ವದ ಉದ್ಯಮವು ಹೊಸತಲ್ಲ. 1978ರಲ್ಲಿ ಕಿರಣ್ ಮಜುಂದಾರ್ ಅವರು ಬೆಂಗಳೂರಿನ ಬಾಡಿಗೆಯ ಗ್ಯಾರೇಜಿನಲ್ಲಿ ಬಯೋಕಾನ್ ಸಂಸ್ಥೆಯನ್ನು ಆರಂಭಿಸಿದಾಗ ಮೊದಲು ತಯಾರಾದುದು ಪರಂಗಿಕಾಯಿಯ ಹಾಲಿನಿಂದ ತೆಗೆಯುವ ಪಪೇನ್. ಅದು ಹೋಗುತ್ತಿದ್ದುದು ಕೋಳಿಗಲ್ಲ, ಬಿಯರನ್ನು ತಿಳಿಯಾಗಿಸುವುದಕ್ಕೆ. ಆ ಕಿಣ್ವದ ವಿಭಾಗವನ್ನು 2007ರಲ್ಲಿ ಡೆನ್ಮಾರ್ಕಿನ ನೋವೋಜೈಮ್ಸ್ ಕೊಂಡಿತು. ಇತ್ತ ಬೆಂಗಳೂರಿನ ಆಡುಗೋಡಿಯಲ್ಲಿ 1995ರಲ್ಲಿ ನೆಲೆಗೊಂಡ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯಲ್ಲಿ ನಮ್ಮ ನಾಡಿನ ಮೇವುಗಳಿಗೆ ಯಾವ ಕಿಣ್ವವು ಒಗ್ಗುವುದೆಂಬ ಪರೀಕ್ಷೆಗಳು ನಡೆದಿವೆ. ಒಂದು ವಿನೋದವನ್ನು ಬಿಡಲಾರೆ: ಕಿಣ್ವವನ್ನೀಯುವ ಆಸ್ಪರ್ಜಿಲ್ಲಸಿನ ಸೋದರನೇ, ಕೊಯ್ಲಿನ ವೇಳೆ ಮಳೆಗೆ ನೆನೆದ ಜೋಳದ ರಾಶಿಯಲ್ಲಿ ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷವನ್ನೂ ಕಾರುತ್ತಾನೆ. ರಸ್ತೆಯಂಚಿನಲ್ಲಿ ಜೋಳವನ್ನು ಹರಡಿ ಒಣಗಿಸುವ ನಮ್ಮ ರೈತನಿಗೆ ಪರಿಚಿತನಾದವನು ಇವನೇ.

ಈಗ ಒಂದು ಟನ್ ಮೇವಿಗೆ ಬೇಕಾಗುವ ಫೈಟೇಸ್, ಸಾರದ ಪ್ರಮಾಣವನ್ನನುಸರಿಸಿ, 100 ಗ್ರಾಮಿನಷ್ಟು. ಕಿಲೋ ಮೇವಿಗೆ 500 ಘಟಕಗಳ ಲೆಕ್ಕ. ಇಷ್ಟು ಕಿಂಚಿತ್ ಪುಡಿಯು ಸಾವಿರ ಕಿಲೋದಲ್ಲಿ ಸಮನಾಗಿ ಹರಡಬೇಕಾದುದರಿಂದ ಅದನ್ನು ಮೊದಲು ಸ್ವಲ್ಪ ಹಿಟ್ಟಿನೊಡನೆ ಕಲಸಿಕೊಂಡು ಆಮೇಲೆ ರಾಶಿಗೆ ಬೆರೆಸುತ್ತಾರೆ. ಗುಳಿಗೆಯ ಮೇವನ್ನು ಒತ್ತುವಾಗ ಉಗಿಯ ಶಾಖವು 80 ಡಿಗ್ರಿಯ ಆಸುಪಾಸಿಗೇರಿ ಕಿಣ್ವವು ಸಾಯುವ ಭಯವಿರುವುದರಿಂದ, ಶಾಖ ತಾಳಲು ಲೇಪನವನ್ನು ಕೊಡುವುದೋ ಗುಳಿಗೆಯು ಆರಿದ ಮೇಲೆ ದ್ರವವನ್ನು ಸಿಂಪಡಿಸುವುದೋ ಎರಡರಲ್ಲೊಂದು ಆಗಬೇಕು.

ಪ್ರಯೋಜನವೆಷ್ಟೆಂಬುದಕ್ಕೆ ವ್ಯಾಪಾರಿಗಳು ಕೊಡುವ ಉತ್ತರವನ್ನು ನಾನು ಒಪ್ಪಲಾರೆ. ಜೋಳ ಮತ್ತು ಸೋಯಾ ಹಿಂಡಿಗಳೇ ತುಂಬಿದ ಒಳ್ಳೆಯ ಮೇವಿನಲ್ಲಿ ಅಂಟನ್ನು ಕರಗಿಸುವ ಕಿಣ್ವಕ್ಕೆ ಕೆಲಸವೇ ಕಡಮೆ. ಜೋಳದ ಬೆಲೆ ಏರಿ, ಗೋಧಿ, ಸಜ್ಜೆ, ತೌಡು, ಸೂರ್ಯಕಾಂತಿಯ ಹಿಂಡಿಗಳು ಮೇವಿನೊಳಗೆ ನುಸುಳಿದಾಗಲೇ ಅದರ ಬೆಲೆ ತಿಳಿಯುವುದು. ಕಿಣ್ವವು ಹಕ್ಕಿಗೆ ಹೊಸದಾಗಿ ಏನನ್ನೂ ಕೊಡುವುದಿಲ್ಲ, ಇದ್ದುದನ್ನು ಬಿಡಿಸಿಕೊಡುತ್ತದೆ. ಆದುದರಿಂದ ಅದನ್ನು ಬೆಳವಣಿಗೆಯ ಮದ್ದೆಂದು ಕರೆಯುವುದು ಅತಿಶಯೋಕ್ತಿ. ಚುಚ್ಚುಮದ್ದಿನಿಂದಲೇ ಕೋಳಿ ಊದುತ್ತದೆಂಬ ಜನರ ಗುಮಾನಿಯಂತೂ ಮತ್ತೂ ನಿರಾಧಾರ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ 1957, 1978, 2005ರ ತಳಿಗಳನ್ನು ಒಂದೇ ಮೇವಿನಲ್ಲಿ ಬೆಳೆಸಿ ನೋಡಿದಾಗ 56 ದಿನಗಳ ತೂಕವು ಅನುಕ್ರಮವಾಗಿ 905, 1808, 4202 ಗ್ರಾಂ ಆಗಿದ್ದಿತು. ಹೆಚ್ಚಿದ ತೂಕವು ತಳಿಯ ಆಯ್ಕೆಯ ಫಲ.

ಆದರೂ ಅಲ್ಪ ಉಳಿತಾಯವು ಕೂಡಿದರೆ ಅಲ್ಪವಲ್ಲ. ಕೋಳಿಯೊಂದಕ್ಕೆ 60 ಗ್ರಾಂ ಮೇವು ಉಳಿಯಿತೆಂದಿಟ್ಟುಕೊಂಡರೆ 5000 ಕೋಳಿಗಳ ಒಂದು ಬ್ಯಾಚಿನಲ್ಲಿ 300 ಕಿಲೋ, ಎಂದರೆ 50 ಕಿಲೋದ ಆರು ಚೀಲ. ಇದು ಯಾರ ಪಾಲು? ಕೊಯಮತ್ತೂರಿನ ಸೀಮೆಯಲ್ಲಿ 1990ರ ದಶಕದಲ್ಲಿ ಬೇರೂರಿದ ಒಪ್ಪಂದದ ಸಾಕಣೆಯಲ್ಲಿ ಮರಿಯೂ ಮೇವೂ ಔಷಧವೂ ಕಂಪನಿಯದು. ಶೆಡ್ಡು, ನೀರು, ಕರೆಂಟು, ದುಡಿಮೆ ರೈತನದು. ಮೇವಿಗೆ ಏನನ್ನು ಬೆರೆಸಬೇಕೆಂಬ ನಿರ್ಣಯದಲ್ಲಿ ರೈತನಿಗೆ ಮಾತಿಲ್ಲ, ಆದರೆ ಮೇವಿಗೂ ತೂಕಕ್ಕೂ ಇರುವ ಎಫ್‌ಸಿಆರ್ ಎಂಬ ಪ್ರಮಾಣವು ಹಾಳಾದರೆ ಅವನ ಕೂಲಿಗೆ ಕತ್ತರಿ ಬೀಳುತ್ತದೆ. ಚೀಲದೊಳಗಿನ ಮಿಶ್ರಣವನ್ನು ಅವನಿಗೆ ತಿಳಿಸಬೇಕೆಂದು ಕೇಳುವುದು ನ್ಯಾಯವೆಂದೇ ನನ್ನ ಮತ.

ಅವನ ಕೈಯಲ್ಲಿ ನಿಶ್ಚಯವಾಗಿ ಉಳಿಯುವುದು ಬ್ಯಾಚು ಮುಗಿದ ಮೇಲಣ ಹಾಸು. ಅರಿಸಿನ, ಬಾಳೆ ಬೆಳೆಯುವವರು ಕೋಳಿ ಗೊಬ್ಬರವನ್ನು ಲೋಡಿನ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೊಳ್ಳುವುದರಲ್ಲಿ ರಂಜಕದ ಆಸೆಯೂ ಉಂಟು. ಫೈಟೇಸ್ ತಿನ್ನುವ ಕೋಳಿಯ ಮೇವಿನಲ್ಲಿ ಡಿಸಿಪಿಯನ್ನು ಕಡಮೆ ಮಾಡಿದರೆ ಆ ಗೊಬ್ಬರದ ರಂಜಕವೂ ಕಡಮೆಯಾಗುತ್ತದೆ. ಹಾಲೆಂಡಿನವರು ಯಾವುದನ್ನು ತೊಲಗಿಸಲು ಈ ಕಿಣ್ವವನ್ನು ತಂದರೋ ಅದಕ್ಕೇ ನಮ್ಮ ಸೀಮೆಯ ಬೆಳೆಗಾರನು ಟ್ರ್ಯಾಕ್ಟರು ತಂದು ಕಾಯುತ್ತಾನೆ.